ದಾರಿಯಲ್ಲಿ ಸತ್ತವು

ಹೈದರಾಬಾದ್
12 ಮಾರ್ಚ್ 1979

ಪ್ರಿಯ ಉರುಕುಂದಪ್ಪ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅದೂ ಕೆಲಸ ಬಿತ್ತೆಂದು. ಮೊದಲು ಬೈದುಬಿಡು, ಆಮೇಲೆ ಮುಂದಕ್ಕೆ ಓದು.

ಗುಲ್ಬರ್ಗದಲ್ಲಿ ಎಂ.ಎಸ್ಸಿ. ಮುಗಿದಾಗ ಈ ಪ್ರಯೋಗಾಲಯದಿಂದ ನಮ್ಮಿಬ್ಬರಿಗೂ ಕರೆ ಬಂದಿತ್ತು. ನಾನು ಇಲ್ಲಿಗೆ ಬಂದೆ. ನೀನು ಮಾನ್ವಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಹೋದೆ. ಯಾಕೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಈಗಲೂ ಕೇಳುವುದಿಲ್ಲ.

ನನ್ನ ಕೆಲಸ ಬಿಸಿಲಿನದು. ಜೀವಕೋಶಕ್ಕೆ ಒಮ್ಮೆಲೇ ಕಾವು ತಾಗಿದರೆ ಅದು ಮಾಡುತ್ತಿದ್ದ ಕೆಲಸವನ್ನೆಲ್ಲ ಬದಿಗಿಟ್ಟು, ಅಲ್ಲಿಯವರೆಗೆ ಮಾಡದಿದ್ದ ಕೆಲವು ಪ್ರೋಟೀನುಗಳನ್ನು ಗಡಿಬಿಡಿಯಿಂದ ತಯಾರಿಸತೊಡಗುತ್ತದೆ. ಕೊಳೆತ ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ನೊಣದಲ್ಲಿ ಇದನ್ನು ಕಂಡಿದ್ದಾರೆ. ಜೋಳದ ಮೊಳಕೆಯಲ್ಲೂ ಹೀಗೇ ಆಗುತ್ತದೆಯೇ? ಕುರಿಯ ರಕ್ತದಲ್ಲಿ? ನಮ್ಮಲ್ಲಿ? ಇಷ್ಟು ದೂರದ ಜೀವಿಗಳಿಗೆಲ್ಲ ಕಾವಿಗೆ ಒಂದೇ ಉತ್ತರವಿದ್ದರೆ ಅದು ಎಂಥ ಹಳೆಯ ಉತ್ತರವಾಗಿರಬೇಕು! ಇದೇ ತಲೆಯಲ್ಲಿ ತಿರುಗುತ್ತಿರುತ್ತದೆ. ಊಟಕ್ಕೆ ಕೂತರೆ ಎದ್ದುಬಿಡುತ್ತೇನೆ. ಮೇಜಿನ ಮುಂದೆ ಒಂದು ಗಂಟೆ ಕೂರಲು ಆಗುವುದಿಲ್ಲ.

ನನ್ನ ಬಳಿ ಊಟಿಯ ನೊಣಗಳಿವೆ. ನಮ್ಮ ಕಡೆಯ ನೊಣ ಬೇಕು. ರಾಯಚೂರಿನ ಬಿಸಿಲಿನಲ್ಲಿ ಎಷ್ಟೋ ತಲೆಮಾರು ಬದುಕಿದ ನೊಣ ಹುಟ್ಟುತ್ತಲೇ ಗಟ್ಟಿಯಾಗಿರುತ್ತದೆ ಎಂದು ನನ್ನ ಊಹೆ. ಹಿಡಿದು ಬಾಟಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಒದ್ದೆ ಬಟ್ಟೆ ಸುತ್ತಿ ರಾಯಚೂರು ಬಸ್‌ ಸ್ಟ್ಯಾಂಡಿಗೆ ತಂದುಕೊಡು. ಹೈದರಾಬಾದ್ ಬಸ್ಸಿನ ಕಂಡಕ್ಟರ್ ಖಾಸಿಂ ಸಾಬ್ ನನಗೆ ಗೊತ್ತು, ತಂದು ಮುಟ್ಟಿಸುತ್ತಾರೆ. ಒಂದೇ ಒಂದು ಮಾತು: ಬಾಟಲಿ ಬಿಸಿಯಾಗಬಾರದು.

ನಿನ್ನ ಸಹಪಾಠಿ,
ಕರೆಮ್ಮ

*

ಮಾನ್ವಿ
4 ಏಪ್ರಿಲ್ 1979

ಪ್ರಿಯ ಕರೆಮ್ಮ,

ಬೈದೆ. ಆಮೇಲೆ ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ.

ಮಾನ್ವಿಯಲ್ಲಿ ಈಗ ನೊಣವೂ ಹೊರಗೆ ಬರುವುದಿಲ್ಲ. ಹಣ್ಣು ಮಾರುವ ವೆಂಕಮ್ಮನ ಹತ್ತಿರ ಕೊಳೆತ ಬಾಳೆಹಣ್ಣು ಕೇಳಿದೆ. ಅವಳು ಸಂತೆಗೆಲ್ಲ ಕೇಳುವ ಹಾಗೆ, “ಏನ್ರೀ ಮಾಸ್ತರ, ಚಲೋ ಹಣ್ಣು ಬಿಟ್ಟು ಕೊಳತದ್ದು ಕೇಳಾಕತ್ತೀರಿ, ಮನ್ಯಾಗ ಹೇಂತಿ ಉಪಾಸ ಕೆಡವ್ಯಾಳೇನು?” ಎಂದಳು. ನನಗೆ ಮದುವೆಯಾಗಿದೆ ಎಂದು ನಿನಗೆ ಇದರಿಂದಲೇ ತಿಳಿಯಲಿ. ಹೆಂಡತಿಯ ಹೆಸರು ಗೋಪಮ್ಮ, ಪೋತ್ನಾಳದವಳು, ಅಲ್ಲಿನ ನಮ್ಮವರ ಕೇರಿಯವಳೇ.

ಕೊನೆಗೆ ನೊಣ ಸಿಕ್ಕಿದ್ದು ಚೀಕಲಪರ್ವಿಯಲ್ಲಿ, ಹೊಳೆ ದಂಡೆಯ ಅತ್ತಿಮರದ ಕೆಳಗೆ. ಬಿದ್ದ ಹಣ್ಣಿನ ಮೇಲೆ ಮುತ್ತಿಕೊಂಡಿದ್ದವು. ಮೊಣಕಾಲೂರಿ ಕೂತು ಎರಡು ತಾಸು ಹಿಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಎಷ್ಟು ದಿನವಾಗಿತ್ತು, ಕರೆಮ್ಮ, ನಾನು ಒಂದು ಕೆಲಸದಲ್ಲಿ ಹೊತ್ತು ಮರೆತು!

ಹತ್ತು ಬಾಟಲಿ ಕಳಿಸಿದ್ದೇನೆ. ಎಲ್ಲ ಚೆನ್ನಾಗಿವೆ. ಪ್ರತಿ ಹದಿನೈದು ದಿನಕ್ಕೊಮ್ಮೆ ಕಳಿಸುತ್ತೇನೆ. ಬೇಡವೆನ್ನಬೇಡ.

ನಿನ್ನ
ಉರುಕುಂದಪ್ಪ

*

ಹೈದರಾಬಾದ್
19 ಮೇ 1979

ಪ್ರಿಯ ಉರುಕುಂದಪ್ಪ,

ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಲವತ್ತು ಡಿಗ್ರಿಯ ನೀರಿನಲ್ಲಿ ಅರ್ಧ ತಾಸು ಬಾಟಲಿಗಳನ್ನು ಇಟ್ಟೆ. ಊಟಿಯವು ತಳಕ್ಕೆ ಬಿದ್ದವು, ಮತ್ತೆ ಏಳಲಿಲ್ಲ. ನಿನ್ನವು ಒಂದಿಷ್ಟು ಹೊತ್ತು ಮಂಕಾಗಿ ಕೂತು ಗೋಡೆ ಹತ್ತಿ ನಡೆದವು! ನಾಲ್ಕು ಕಂತಿನಲ್ಲೂ ಹೀಗೇ. ಬಂದ ದಿನವೇ ಪರೀಕ್ಷಿಸಿದ್ದೇನೆ, ತಡಮಾಡಿಲ್ಲ. ಎಕ್ಸ್‌ರೇ ಫಿಲ್ಮಿನ ಮೇಲೆ ಆ ಪ್ರೋಟೀನಿನ ಕಪ್ಪು ಗೆರೆ ನಿನ್ನ ನೊಣಗಳಲ್ಲಿ ಎಷ್ಟು ದಟ್ಟವಾಗಿದೆ ಎಂದರೆ ನಮ್ಮ ಪ್ರೊಫೆಸರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಬೇಗ ಬರೆಯಬೇಕು, ಬೇರೆಯವರು ಬರೆಯುವ ಮುಂಚೆ ಎನ್ನುತ್ತಿದ್ದಾರೆ.

ಲೆಕ್ಕಕ್ಕೆ ಒಂದು ಬೇಕು. ದಾರಿಯಲ್ಲಿ ಎಷ್ಟು ಸಾಯುತ್ತವೆ? ಪ್ರತಿ ಬಾಟಲಿಯದು ಬರೆದು ಕಳಿಸು.

ಸಾಧ್ಯವಾದರೆ ದೇವದುರ್ಗಕ್ಕೆ ಹೋಗಿ ನಮ್ಮಪ್ಪನ ಹಿಂಡಿನ ಕುರಿಗಳಿಂದ ರಕ್ತ ತೆಗೆಸು. ದನದ ದವಾಖಾನೆಯ ಶಂಶುದ್ದೀನ್ ಕಾಂಪೌಂಡರಿಗೆ ಹೇಳಿದ್ದೇನೆ.

ಕರೆಮ್ಮ

*

ಮಾನ್ವಿ
3 ಜೂನ್ 1979

ಪ್ರಿಯ ಕರೆಮ್ಮ,

ದಾರಿಯಲ್ಲಿ ಸತ್ತವು ಹೆಚ್ಚೇನಿಲ್ಲ. ಬಾಟಲಿಗೆ ಒಂದೋ ಎರಡೋ.

ನಿಮ್ಮಪ್ಪ ದುರುಗಪ್ಪನವರನ್ನು ಕಂಡೆ. ಊರ ಹೊರಗಿನ ಬೇವಿನ ನೆರಳಿನಲ್ಲಿ ಹಿಂಡು ತರುಬಿ ಕೂತಿದ್ದರು. ಶಂಶುದ್ದೀನ್ ಸೂಜಿ ತೆಗೆದದ್ದೇ ದುರುಗಪ್ಪನವರು ಕೋಲು ಅಡ್ಡ ಹಿಡಿದರು.

“ಯಾಕ ಬೇಕು ರಕ್ತ?”

“ನಿಮ್ಮ ಮಗಳಿಗೆ, ಪರೀಕ್ಷೆಗೆ” ಎಂದೆ.

“ನಲವತ್ತು ವರ್ಷ ಇವುಗಳ ಹಿಂದ ತಿರುಗಾಕತ್ತೀನಿ. ಒಂದ ಸಲಾನೂ ಇವು ನನ್ನ ರಕ್ತ ಕೇಳಿಲ್ಲ” ಎಂದರು. ಆಮೇಲೆ ತಾವೇ ಒಂದು ಟಗರಿನ ಕುತ್ತಿಗೆ ಅವುಚಿ ಹಿಡಿದು, “ತೊಗೋರಿ. ಆಕಿಗಿ ಅಂದ್ರ ತೊಗೋರಿ. ಭಾಳ ತೆಗೀಬ್ಯಾಡ್ರಿ” ಎಂದರು. ರಕ್ತ ತೆಗೆಯುವಾಗ ಮುಖ ಆಚೆ ತಿರುಗಿಸಿದರು. ಕುರಿಯಲ್ಲ, ಅವರು.

ಹೊರಡುವಾಗ, “ಆಕಿ ಉಣ್ತಾಳೇನು?” ಎಂದು ಕೇಳಿದರು. ಉಣ್ಣುತ್ತಾಳೆ ಎಂದೆ. ಸುಳ್ಳು ಹೇಳಿದೆನೇ?

ಉರುಕುಂದಪ್ಪ

*

ಹೈದರಾಬಾದ್
28 ಜನವರಿ 1980

ಪ್ರಿಯ ಉರುಕುಂದಪ್ಪ,

ಲೇಖನ ಅಚ್ಚಾಗಿದೆ. ಕೊನೆಯಲ್ಲಿ ನಿನಗೆ ಕೃತಜ್ಞತೆ ಹೇಳಿದ್ದೇನೆ. ಒಂದು ಪ್ರತಿ ಇದರ ಜೊತೆ ಇದೆ, ಗೋಪಮ್ಮನಿಗೆ ತೋರಿಸು.

ಸಂತೋಷಪಡಬೇಕು. ಆಗುತ್ತಿಲ್ಲ. ನಿನ್ನ ನೊಣಗಳ ಸಂತಾನವನ್ನು ಇಲ್ಲಿ ತಂಪಿನಲ್ಲಿ ಬೆಳೆಸಿದೆ. ಗಟ್ಟಿತನ ಹುಟ್ಟಿನಿಂದ ಬಂದಿದ್ದರೆ ಮಕ್ಕಳಲ್ಲೂ ಇರಬೇಕಲ್ಲ? ಇಲ್ಲ. ಮಕ್ಕಳು ಊಟಿಯವುಗಳಂತೆಯೇ ಸತ್ತವು. ಮೊಮ್ಮಕ್ಕಳೂ ಸತ್ತವು. ನೀರಿನ ತೊಟ್ಟಿ ಬದಲಿಸಿದೆ, ಥರ್ಮಾಮೀಟರ್ ಬದಲಿಸಿದೆ, ಆರು ಸಲ ಮಾಡಿದೆ. ಪ್ರೊಫೆಸರು, “ನಿಮ್ಮ ಕೈ ಸರಿಯಿಲ್ಲ” ಎಂದರು. ನನ್ನ ಕೈಯನ್ನೇ ನೋಡುತ್ತಾ ಕೂರುತ್ತೇನೆ. ಕೂರುವುದೂ ಇಲ್ಲ, ವರಾಂಡದ ಈ ತುದಿಯಿಂದ ಆ ತುದಿಗೆ ತಿರುಗುತ್ತಿರುತ್ತೇನೆ.

ಜೋಳದಲ್ಲೂ ಕುರಿಯ ರಕ್ತಕೋಶದಲ್ಲೂ ಕಾವು ಕೊಟ್ಟರೆ ಅಂಥದೇ ಗೆರೆ ಮೂಡುತ್ತದೆ, ಅದು ನಿಜ. ನೊಣದ ಮಾತು ಮಾತ್ರ ತಪ್ಪುತ್ತಿದೆ. ನಾನು ಮರೆತದ್ದು ಏನಾದರೂ ಇದೆಯೇ? ನಿನಗೆ ಹೊಳೆದರೆ ಬರೆ.

ಕರೆಮ್ಮ

*

ಹೈದರಾಬಾದ್
11 ಏಪ್ರಿಲ್ 1980

ಶ್ರೀ ಉರುಕುಂದಪ್ಪನವರಿಗೆ,

ನನ್ನ ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಯಾಕೆಂದು ನಿನ್ನೆ ತಿಳಿಯಿತು.

ಬಸ್‌ ಸ್ಟ್ಯಾಂಡಿನಲ್ಲಿ ಖಾಸಿಂ ಸಾಬರು ಸಿಕ್ಕಿದ್ದರು. ಹೋದ ವರ್ಷದ ಬಾಟಲಿಗಳನ್ನು ನೆನೆಸಿಕೊಂಡು ನಗುತ್ತಾ ಹೇಳಿದರು: “ಮಾಸ್ತರ್ ಭಾಳ ಕಷ್ಟ ಪಡ್ತಿದ್ರು ಬಾಯೀ. ಮಾನ್ವಿ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರ್ತಿದ್ದಿಲ್ಲ, ಡ್ರೈವರ್ ಬಾಜೂ ಇಂಜಿನ್ ಪೆಟ್ಟಿಗಿ ಮ್ಯಾಲ ಬಾಟ್ಲಿ ಇಟ್ಟು ತರ್ತಿದ್ರು. ಅರ್ಧಕ್ಕರ್ಧ ಸತ್ತಿರ್ತಿದ್ದವು. ಸ್ಟ್ಯಾಂಡಿನ ಹಿಂದ ಕೂತು ಸತ್ತದ್ದು ಚೆಲ್ಲಿ, ಬದುಕಿದ್ದಷ್ಟ ಹೊಸ ಬಾಟ್ಲಿಗಿ ಹಾಕಿ ನನ್ನ ಕೈಯಾಗ ಕೊಡ್ತಿದ್ರು.”

ಇಂಜಿನ್ನಿನ ಕಾವಿನಲ್ಲಿ ಬಂದ ನೊಣಗಳನ್ನು ನಾನು ಬಿಸಿಲುಸೀಮೆಯ ನೊಣಗಳೆಂದು ಅಚ್ಚು ಹಾಕಿಸಿದ್ದೇನೆ. ಬಾಟಲಿಗೆ ಒಂದೋ ಎರಡೋ ಎಂದು ನೀವು ಬರೆದ ಕಾಗದ ನನ್ನ ಮುಂದಿದೆ. ನಾನು ಮೂರು ತಿಂಗಳಿನಿಂದ ನನ್ನ ಕೈಯನ್ನು ಅನುಮಾನಿಸುತ್ತಿದ್ದೆ. ನಿಮ್ಮನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ.

ಇನ್ನು ಮುಂದೆ ನಿಮ್ಮ ಕೈಯಿಂದ ನನಗೆ ಏನೂ ಬೇಡ.

ಕರೆಮ್ಮ

*

ಮಾನ್ವಿ
18 ಏಪ್ರಿಲ್ 1980

ಕರೆಮ್ಮ,

ಖಾಸಿಂ ಸಾಬ್ ಹೇಳಿದ್ದೆಲ್ಲ ನಿಜ. ಮೊದಲ ಕಂತಿನಿಂದಲೇ.

ಒದ್ದೆ ಬಟ್ಟೆ ಪೋತ್ನಾಳದ ಬಿಸಿಗಾಳಿಗೆ ಕಾಲು ತಾಸಿನಲ್ಲಿ ಒಣಗುತ್ತಿತ್ತು ಎಂದು ಬರೆಯಲು ಕೂತೆ, ಹರಿದು ಹಾಕಿದೆ. ಪೋತ್ನಾಳ ಆ ದಾರಿಯಲ್ಲೇ ಇಲ್ಲ. ನೋಡು, ಇಷ್ಟಾದರೂ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ. ಬಸ್ಸಿನಲ್ಲಿ ನಿಂತು ಬಾಟಲಿಗಳನ್ನು ಎದೆಗೆ ಅವುಚಿಕೊಂಡು ಬರಬಹುದಿತ್ತು. ಒಂದು ಸಲವೂ ಹಾಗೆ ತರಲಿಲ್ಲ. ಪ್ರತಿ ಸಲ ಇಂಜಿನ್ ಪೆಟ್ಟಿಗೆಯ ಮೇಲಿಟ್ಟೆ. ಅಷ್ಟೆ.

ಸತ್ತದ್ದನ್ನು ಬರೆದಿದ್ದರೆ ನೀನು ಬೇರೆ ಯಾರನ್ನಾದರೂ ಹುಡುಕುತ್ತಿದ್ದೆ. ನಮ್ಮ ಕೇರಿಯಿಂದ ಎಂ.ಎಸ್ಸಿ. ಓದಿದವನು ನಾನೊಬ್ಬನೇ. ಒಂದು ಕೆಲಸ ಕೆಟ್ಟರೆ ‘ಇವನ ಕೈಲಿ ಆಗೋದು ಇಷ್ಟೇ’ ಎನ್ನುತ್ತಾರೆ ಎಂಬ ಅಂಜಿಕೆ ನನ್ನ ಹೆಗಲ ಮೇಲೆ ಯಾವಾಗಲೂ ಕೂತಿರುತ್ತದೆ. ನೀನು ಹಾಗೆ ಅನ್ನುವವಳಲ್ಲ. ಗೊತ್ತಿತ್ತು. ಗೊತ್ತಿದ್ದೂ ಅಂಜಿದೆ. ಹೈದರಾಬಾದಿಗೆ ಬರದಿದ್ದದ್ದೂ ಇದೇ ಅಂಜಿಕೆಯಿಂದ. ಆ ವರ್ಷ ನಮ್ಮಪ್ಪನಿಗೆ ಲಕ್ವ ಹೊಡೆದದ್ದು ನಿಜ, ಆದರೆ ಅಪ್ಪ ಹೋಗು ಅಂದಿದ್ದ.

ಲೇಖನದಿಂದ ನನ್ನ ಹೆಸರು ತೆಗೆಯಲು ಬರುವುದಾದರೆ ತೆಗೆ.

ಉರುಕುಂದಪ್ಪ

*

ಮಾನ್ವಿ
2 ಫೆಬ್ರುವರಿ 1981

ಕರೆಮ್ಮಕ್ಕಗ ಗೋಪಮ್ಮ ಮಾಡೂ ಶರಣು.

ನಾ ಮಾಸ್ತರ ಹೇಂತಿ. ನಾಲ್ಕನೇತ್ತಾ ತನಕ ಕಲ್ತೀನಿ, ನಾ ಮಾತಾಡಿದಂಗ ಬರದೀನಿ, ತಪ್ಪಿದ್ರ ಹೊಟ್ಯಾಗ ಹಾಕ್ಕೊಳ್ರಿ.

ನಿಮ್ಮ ಕಾಗದ ಬಂದಾಗಿಂದ ಅವರು ಮನ್ಯಾಗ ಮಾತು ಬಿಟ್ಟಾರ. ದಸರಾ ಸೂಟಿ ಆದಮ್ಯಾಲ ಪ್ರತಿ ಐತವಾರ ಚೀಕಲಪರ್ವಿಗಿ ಹೋಗಿ ನೊಣ ತರ್ತಾರ. ಬಾಟ್ಲಿ ತೊಗೊಂಡು ರಾಯಚೂರ ಬಸ್ ಹತ್ತತಾರ, ಅದೇ ಬಸ್ಸಿಗಿ ತಿರುಗಿ ಬರ್ತಾರ. ರಾಯಚೂರಾಗ ಏನೂ ಕೆಲಸಿಲ್ಲ. ಸುಮ್ನ ಹೋಗೂದು, ಬರೂದು. ಮಾಸ್ತರಗ ಹುಚ್ಚು ಹಿಡದದ ಅಂತ ಓಣ್ಯಾಗ ಮಾತಾಡಾಕತ್ತಾರ. ಮನಿಗಿ ಬಂದು ಬಿಸಿನೀರು ಕಾಸಿ ಬಾಟ್ಲಿ ಅದರಾಗ ಇಡ್ತಾರ. ಆಮ್ಯಾಲ ನೆಲದ ಮ್ಯಾಲ ಬಿಳಿ ಕಾಗದ ಹಾಸಿ ಸತ್ತ ನೊಣ ಎಣಸ್ತಾರ. ಬದುಕಿದ್ದು ಬಿಟ್ಟು ಸತ್ತದ್ದು ಯಾಕ ಎಣಸ್ತೀರಿ ಅಂದೆ. “ಮದಲ ಎಣಸಬೇಕಿತ್ತು” ಅಂದ್ರು. ಅಷ್ಟ.

ಈಗ ಮುಗೀತು ಅಂತ ಎಣಿಕಿ ಬರದಿಟ್ಟ ವಹಿ ಟ್ರಂಕಿನ್ಯಾಗ ಇಟ್ಟಾರ. ಕರೆಮ್ಮಕ್ಕಗ ಕಳಸ್ರಿ ಅಂದ್ರ, “ನನ್ನ ಕೈಯಿಂದ ಆಕಿ ಏನೂ ತೊಗೊಳ್ಳಾಂಗಿಲ್ಲ” ಅಂದ್ರು. ಇದು ಅವರ ಕೈಯಿಂದ ಬರಾಕತ್ತಿಲ್ರಿ, ನನ್ನ ಕೈಯಿಂದ ಬರಾಕತ್ತದ. ಹಂಗಾಗಿ ತೊಗೊಳ್ರಿ.

ಅವರಿಗಿ ಹೇಳಿಲ್ಲ.

ಗೋಪಮ್ಮ

*

ಹೈದರಾಬಾದ್
22 ಮಾರ್ಚ್ 1981

ಪ್ರಿಯ ಉರುಕುಂದಪ್ಪ,

ಗೋಪಮ್ಮನನ್ನು ಬೈಯಬೇಡ. ನಿನ್ನ ವಹಿ ನನ್ನ ಬಳಿ ಇದೆ.

ಮೊದಲ ದಿನ ಬಿಚ್ಚಲಿಲ್ಲ. ಎರಡನೆಯ ದಿನ ಬಿಚ್ಚಿದವಳು ನಿಂತಲ್ಲೇ ಮುಗಿಸಿದೆ. ಪ್ರತಿ ಭಾನುವಾರ ಒಂದೇ ಮರದ ನೊಣ ತಂದು ಎರಡು ಪಾಲು ಮಾಡಿದ್ದೀ. ಒಂದು ಪಾಲು ಒದ್ದೆ ಬಟ್ಟೆಯಲ್ಲಿ, ತೊಡೆಯ ಮೇಲೆ. ಇನ್ನೊಂದು ಇಂಜಿನ್ ಪೆಟ್ಟಿಗೆಯ ಮೇಲೆ, ಕೆಳಗೆ ಟವೆಲ್ಲಿನ ಮಡಿಕೆ ಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು, ಮೂವತ್ತಾರು ಡಿಗ್ರಿ ದಾಟದ ಹಾಗೆ. ಐವತ್ತರಲ್ಲಿ ಎರಡೋ ಮೂರೋ ಸತ್ತಿವೆ, ಅಷ್ಟೇ. ಆಮೇಲೆ ಎರಡನ್ನೂ ನಲವತ್ತು ಡಿಗ್ರಿಗೆ ಇಟ್ಟರೆ ತೊಡೆಯ ಮೇಲೆ ಬಂದವು ಸತ್ತಿವೆ, ಇಂಜಿನ್ ಮೇಲೆ ಬಂದವು ಬದುಕಿವೆ. ಹದಿನಾಲ್ಕು ಭಾನುವಾರ.

ಇದರ ಅರ್ಥ ನಿನಗೆ ಗೊತ್ತಿದೆ, ಕೊನೆಯ ಪುಟದಲ್ಲಿ ನೀನೇ ಬರೆದಿದ್ದೀ. ಬಡಕಲು ನೊಣ ಸತ್ತು ಗಟ್ಟಿಯವು ಉಳಿದದ್ದಲ್ಲ. ಸಣ್ಣ ಕಾವು ತಾಗಿದ ಕೋಶ ದೊಡ್ಡ ಕಾವಿಗೆ ಸಿದ್ಧವಾಗುತ್ತದೆ. ಆ ಗಟ್ಟಿತನ ಹುಟ್ಟಿನಿಂದ ಬಂದದ್ದಲ್ಲ, ದಾರಿಯಲ್ಲಿ ಬಂದದ್ದು.

ಒಂದು ತಿಂಗಳಿನಿಂದ ಇದನ್ನೇ ಮಾಡುತ್ತಿದ್ದೇನೆ. ಊಟಿಯ ನೊಣಕ್ಕೆ ಮೊದಲು ಮೂವತ್ತಾರು ಕೊಟ್ಟೆ, ಅದೂ ಬದುಕಿತು. ಅದಕ್ಕದಕ್ಕೆ ತಕ್ಕ ಕಾವು ಕೊಟ್ಟಾಗ ಜೋಳದ ಮೊಳಕೆ ಬದುಕಿತು. ಅಪ್ಪನ ಕುರಿಗಳಿಂದ ಹೊಸದಾಗಿ ತರಿಸಿದ ರಕ್ತಕೋಶಗಳು ಬದುಕಿದವು. ನಿನ್ನೆ ನನ್ನದೇ ರಕ್ತ ತೆಗೆಸಿಕೊಂಡೆ.

ಎರಡು ಕೆಟ್ಟ ಸುದ್ದಿ. ಹೊರದೇಶದ ಪ್ರಯೋಗಾಲಯಗಳಿಂದ ಇಂಥದೇ ಫಲಿತಾಂಶ ಆಗಲೇ ಪತ್ರಿಕೆಗಳಲ್ಲಿ ಬರತೊಡಗಿದೆ. ನಾವು ಮೊದಲಿಗರಲ್ಲ. ಇನ್ನೊಂದು, ನನ್ನ ಹಳೆಯ ಲೇಖನ ತಪ್ಪೆಂದು ನಾನೇ ಬರೆದು ಅಚ್ಚು ಹಾಕಿಸಬೇಕು. ಪ್ರೊಫೆಸರು, “ಯಾರೂ ಗಮನಿಸುವುದಿಲ್ಲ, ಬಿಡಿ” ಎನ್ನುತ್ತಾರೆ. ಬಿಡಲಾರೆ. ನಿನ್ನ ಹೆಸರನ್ನು ಅದರಲ್ಲಿ ತರುವುದಿಲ್ಲ, ‘ಸಾಗಣೆಯ ದೋಷ’ ಎಂದಷ್ಟೇ ಹಾಕುತ್ತೇನೆ. ಹೊಸ ಲೇಖನ ಬರೆದರೆ ಅಲ್ಲಿ ನಿನಗೆ ಸರಿಯಾದ ಜಾಗ ಕೊಡಿಸುತ್ತೇನೆ.

ಹೋದ ವರ್ಷ ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ಆ ಕಾಗದ ಇನ್ನೂ ಇದ್ದರೆ ಸುಟ್ಟುಬಿಡು.

ಕರೆಮ್ಮ

*

ಮಾನ್ವಿ
5 ಏಪ್ರಿಲ್ 1981

ಪ್ರಿಯ ಕರೆಮ್ಮ,

ಗೋಪಮ್ಮನನ್ನು ಬೈಯಲು ಬಾಯಿ ತೆರೆದೆ. ಅವಳು ರೊಟ್ಟಿ ತಟ್ಟುತ್ತಲೇ, “ಮದಲ ಕಾಗದ ಓದ್ರಿ, ಆಮ್ಯಾಲ ಬೈರಿ” ಎಂದಳು. ಓದಿದೆ. ಬೈಯಲಿಲ್ಲ.

‘ಸಾಗಣೆಯ ದೋಷ’ ಬೇಡ. ಸಾಗಣೆಗೆ ಏನು ಗೊತ್ತು? ಬಸ್ಸು ತನ್ನ ಪಾಡಿಗೆ ತಾನು ಓಡಿತು. ಸತ್ತದ್ದನ್ನು ಚೆಲ್ಲಿದವನು ನಾನು. ತಿದ್ದುಪಡಿ ಬರೆಯುವುದಾದರೆ ಯಾರು ಹಿಡಿದರು, ಯಾರು ತಂದರು, ಯಾರು ಬರೆಯದೆ ಬಿಟ್ಟರು ಎಂದು ಹೆಸರು ಹಾಕಿಯೇ ಬರೆ. ಹೊಸ ಲೇಖನದಲ್ಲಿ ನನಗೆ ಜಾಗ ಬೇಡ. ಇದರಲ್ಲಿ ಬೇಕು.

ಇದನ್ನು ದೊಡ್ಡಸ್ತಿಕೆಗೆ ಕೇಳುತ್ತಿಲ್ಲ. ಈ ಒಂದು ವರ್ಷ ಪಾಠ ಮಾಡುವಾಗಲೆಲ್ಲ, ‘ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆದು ಹುಡುಗಿಯರ ಕಡೆ, ಹುಡುಗರ ಕಡೆ ತಿರುಗಲು ಆಗುತ್ತಿರಲಿಲ್ಲ.

ಉರುಕುಂದಪ್ಪ

*

ಹೈದರಾಬಾದ್
14 ಆಗಸ್ಟ್ 1982

ಪ್ರಿಯ ಉರುಕುಂದಪ್ಪ,

ಇದರ ಜೊತೆ ತಿದ್ದುಪಡಿಯ ಅಚ್ಚಾದ ಹಾಳೆ ಇದೆ. ಅರ್ಧ ಪುಟ, ಅದೂ ಜಾಹೀರಾತಿನ ಎದುರು. ನಿನ್ನ ಹೆಸರು ಹಾಕಲು ಪ್ರೊಫೆಸರು ಒಂದು ವರ್ಷ ಒಪ್ಪಲಿಲ್ಲ. “ಬಸ್ಸಿನ ಇಂಜಿನ್ ಮೇಲೆ ಪ್ರಯೋಗ ಮಾಡಿದ ಸ್ಕೂಲ್ ಮಾಸ್ತರನನ್ನು ಎಲ್ಲಿ ತೋರಿಸಲಿ?” ಎಂದರು. ತೋರಿಸದೆ ನಾನು ಸಹಿ ಮಾಡುವುದಿಲ್ಲ ಎಂದೆ. ನನ್ನ ಶಿಷ್ಯವೇತನ ನಿಂತು ಏಳು ತಿಂಗಳಾಯಿತು. ಒಂದು ಕಾಲೇಜಿನಲ್ಲಿ ಅರೆಹೊತ್ತಿನ ಪಾಠ ಮಾಡುತ್ತಾ ಥೀಸಿಸ್ ಬರೆದೆ. ಹೋದ ವಾರ ಮೌಖಿಕ ಪರೀಕ್ಷೆ ಆಯಿತು.

ಪರೀಕ್ಷಕರಲ್ಲಿ ಒಬ್ಬ ಹಿರಿಯರು ಬೇರೆ ಏನನ್ನೂ ಕೇಳಲಿಲ್ಲ. ತಿದ್ದುಪಡಿಯ ಹಾಳೆ ಹಿಡಿದು, “ಈ ಎರಡನೆಯ ಹೆಸರಿನವರು ಯಾರು? ಈಗ ಏನು ಮಾಡುತ್ತಿದ್ದಾರೆ?” ಎಂದು ಕೇಳಿದರು.

“ಮಾನ್ವಿಯಲ್ಲಿ ಪಾಠ ಮಾಡುತ್ತಾರೆ” ಎಂದೆ.

“ಯಾಕೆ?” ಎಂದರು.

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಅದು ನೀನು ಹೇಳಬೇಕಾದ್ದು. ಪದವಿ ಕೊಟ್ಟರು. ಆ ಹಿರಿಯರ ವಿಳಾಸ ಹಾಳೆಯ ಹಿಂದೆ ಬರೆದಿದ್ದೇನೆ. ಅವರು ಮೈಸೂರಿನಲ್ಲಿದ್ದಾರೆ, ಅವರ ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿ ಇದೆಯಂತೆ.

ಅಪ್ಪನಿಗೆ ಸುದ್ದಿ ಮುಟ್ಟಿಸು. ಉಂಡೆನೆಂದೂ ಹೇಳು. ಆ ದಿನ ನಿಜವಾಗಿಯೂ ಉಂಡೆ.

ನಿನ್ನ
ಕರೆಮ್ಮ

*

ಮಾನ್ವಿ
1 ಸೆಪ್ಟೆಂಬರ್ 1982

ಪ್ರಿಯ ಕರೆಮ್ಮ,

ದೇವದುರ್ಗಕ್ಕೆ ಹೋಗಿ ಬಂದೆ. ಡಾಕ್ಟರ್ ಆಗಿದ್ದಾಳೆ ಎಂದೆ. ದುರುಗಪ್ಪನವರು, “ಸೂಜಿ ಚುಚ್ಚೂ ಡಾಕ್ಟರೇನು?” ಎಂದರು. ಅಲ್ಲ ಎಂದೆ. “ಹಂಗಾದ್ರ ಚಲೋ ಆತು” ಎಂದು ಕೂತಲ್ಲೇ ಕಣ್ಣು ಒರೆಸಿಕೊಂಡರು.

ಅರ್ಧ ಪುಟವನ್ನು ಗೋಪಮ್ಮನಿಗೆ ಕನ್ನಡ ಮಾಡಿ ಹೇಳಿದೆ. ಅವಳು ಎರಡು ಹೆಸರುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: “ತಪ್ಪು ಮಾಡಿದ್ದಕ್ಕ ಪುಸ್ತಕದಾಗ ಹೆಸರು ಹಾಕ್ತಾರೇನ್ರಿ?”

“ಒಪ್ಪಿಕೊಂಡಿದ್ದಕ್ಕೆ” ಎಂದೆ.

“ಹಂಗಾದ್ರ ನನ್ನ ಮುಂದೂ ಒಂದು ಒಪ್ಕೊಳ್ರಿ. ನಿಮಗಿಲ್ಲಿ ಇರಾಕ ಮನಸಿಲ್ಲ. ಬಸ್ಸಿನ್ಯಾಗ ಸುಮ್ನ ಹೋಗಿ ಬರಾಕತ್ತಾಗಲೇ ನಂಗ ತಿಳೀತು.”

ಎದ್ದು ಹೊರಗೆ ಹೋದೆ. ಕೆರೆಯತನಕ ನಡೆದು, ತಿರುಗಿ ಬಂದು, ಮತ್ತೆ ಹೋದೆ. ಮೂರನೆಯ ಸಲ ಬಂದಾಗ ಅವಳು ಅಂಗಳದಲ್ಲೇ ನಿಂತಿದ್ದಳು. “ಹೌದು, ಮನಸ್ಸಿಲ್ಲ” ಎಂದೆ. ಹೇಳಿ ಕಟ್ಟೆಯ ಮೇಲೆ ಕೂತೆ.

“ಹೋಗ್ರಿ. ಅಂಗನವಾಡಿ ಕೆಲಸ ನಂಗ ಸಿಗತದ ಅಂದಾರ. ಮಾವಯ್ಯನ್ನ ನೋಡ್ಕೋತೀನಿ. ಆದ್ರ ಅಲ್ಲಿಂದ ಎಲ್ಲಾ ಚಲೋ ಅದ ಅಂತ ಸುಳ್ಳ ಸುಳ್ಳ ಬರೀಬ್ಯಾಡ್ರಿ” ಎಂದಳು.

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಅಂಜಿಕೆ ಹೋಗಿಲ್ಲ, ಕರೆಮ್ಮ. ಇದನ್ನೂ ಎರಡು ಸಲ ಹರಿದು ಹಾಕಿ ಬರೆದೆ.

ಮೈಸೂರಿನ ಹಿರಿಯರಿಗೆ ಬರೆದ ಅರ್ಜಿ ಇದರೊಳಗಿದೆ. ಯಾಕೆ ಮಾನ್ವಿಯಲ್ಲಿದ್ದೆ ಎಂಬುದನ್ನೂ ಬರೆದಿದ್ದೇನೆ. ಒಮ್ಮೆ ಓದಿ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು ಬೇಗ ಕಳಿಸು.

ನಿನ್ನ
ಉರುಕುಂದಪ್ಪ